ಅಮೆರಿಕದ ಅಂತರ್ಯುದ್ಧದಲ್ಲಿ ಶೌರ್ಯಪದಕ: ಅಷ್ಟೊಂದು ಜನರಿಗೆ ಏಕೆ ಸಿಕ್ಕಿತು?

ಪ್ರಶ್ನೆ: ಅಮೆರಿಕದ ಅತ್ಯುನ್ನತ ಶೌರ್ಯಪ್ರಶಸ್ತಿಯಾದ ಮೆಡಲ್ ಆಫ್ ಆನರ್ ಈವರೆಗೆ ಸುಮಾರು 3,500 ಜನರಿಗೆ ಸಂದಿದ್ದು, ಅದರಲ್ಲಿ 1,500ಕ್ಕೂ ಹೆಚ್ಚು ಪದಕಗಳು 1861ರಿಂದ 1865ರವರೆಗಿನ ಅಂತರ್ಯುದ್ಧವೊಂದಕ್ಕೇ ಸೇರಿವೆ ಎಂದು ಓದಿದೆ. ಅದಕ್ಕಿಂತ ಎಷ್ಟೋ ದೊಡ್ಡದಾದ ಎರಡನೇ ಮಹಾಯುದ್ಧದಲ್ಲಿ ಸುಮಾರು 470 ಜನರಿಗೆ ಮಾತ್ರ ಅದು ಸಿಕ್ಕಿದೆ. ನಮ್ಮ ಪರಮವೀರ ಚಕ್ರ ಪಡೆದವರಂತೂ 21 ಜನ. ಹಾಗಾದರೆ ಅಂತರ್ಯುದ್ಧದ ಪದಕಗಳನ್ನು ಬೇಕಾಬಿಟ್ಟಿ ಹಂಚಿದರೆ? ನಾವಿಕರಿಗೂ ಕರಿಯ ಸೈನಿಕರಿಗೂ ನ್ಯಾಯ ಸಿಕ್ಕಿತೆ? ಎದುರು ಪಕ್ಷದ ದಕ್ಷಿಣದವರು ತಮ್ಮ ಸೈನಿಕರಿಗೆ ಏನು ಕೊಟ್ಟರು?

ಉತ್ತರ: ತಾವು ಕೊಟ್ಟಿರುವ ಸಂಖ್ಯೆಗಳು ಸರಿಯಾಗಿವೆ, ಆದರೆ ಅವುಗಳನ್ನು ಇಂದಿನ ಅಳತೆಗೋಲಿನಿಂದ ಅಳೆಯುವಂತಿಲ್ಲ. ಅಂತರ್ಯುದ್ಧದ ಕಾಲದಲ್ಲಿ ಮೆಡಲ್ ಆಫ್ ಆನರ್ ಅಮೆರಿಕದ ಸೈನಿಕನಿಗೆ ಸಿಗಬಹುದಾಗಿದ್ದ ಒಂದೇ ಒಂದು ಪದಕವಾಗಿತ್ತು. ನಮ್ಮಲ್ಲಿ ಈಗ ಪರಮವೀರ ಚಕ್ರದ ಕೆಳಗೆ ಮಹಾವೀರ ಚಕ್ರ, ಅದರ ಕೆಳಗೆ ವೀರ ಚಕ್ರ, ಅದಕ್ಕೂ ಕೆಳಗೆ ಸೇನಾ ಪದಕ ಎಂಬ ಮೆಟ್ಟಿಲುಗಳಿವೆ. ಯಾವ ಸಾಹಸಕ್ಕೆ ಯಾವ ಮೆಟ್ಟಿಲು ಎಂದು ತೂಗಿ ನೋಡುವ ವ್ಯವಸ್ಥೆಯಿದೆ. ಅಮೆರಿಕದಲ್ಲಿ ಇಂಥ ಮೆಟ್ಟಿಲುಗಳು ರೂಪುಗೊಂಡದ್ದು 1918ರಲ್ಲಿ, ಮೊದಲನೇ ಮಹಾಯುದ್ಧ ನಡೆಯುತ್ತಿದ್ದಾಗ. 1863ರಲ್ಲಿ ಒಬ್ಬ ಸಿಪಾಯಿಯನ್ನು ಗೌರವಿಸಬೇಕೆಂದಾದರೆ ಒಂದೋ ಈ ಪದಕ ಕೊಡಬೇಕು, ಇಲ್ಲವೇ ಬೆನ್ನು ತಟ್ಟಿ ಕಳಿಸಬೇಕು. ಇಂದಾಗಿದ್ದರೆ ಮೂರನೆಯ ಅಥವಾ ನಾಲ್ಕನೆಯ ದರ್ಜೆಯ ಪದಕಕ್ಕೆ ಹೋಗುತ್ತಿದ್ದ ಸಾಹಸಗಳೂ ಅದೇ ಪಟ್ಟಿಗೆ ಸೇರಿದ್ದು ಇದರಿಂದಲೇ. ಬೇಕಾಬಿಟ್ಟಿ ಹಂಚಿದ ಪ್ರಸಂಗಗಳೂ ಉಂಟು. ಅವುಗಳ ವಿಚಾರಕ್ಕೆ ಮುಂದೆ ಬರುತ್ತೇನೆ.

ಅಂತರ್ಯುದ್ಧಕ್ಕೆ ಮುಂಚೆ ಅಮೆರಿಕದವರಿಗೆ ಪದಕವೆಂದರೆ ಅಷ್ಟಾಗಿ ಒಲವಿರಲಿಲ್ಲ. ಎದೆಯ ಮೇಲೆ ಬಿಲ್ಲೆ ತೂಗುಹಾಕಿಕೊಳ್ಳುವುದು ಯುರೋಪಿನ ರಾಜಮಹಾರಾಜರ ಶೋಕಿ, ಗಣರಾಜ್ಯಕ್ಕೆ ಅದು ಒಪ್ಪುವುದಿಲ್ಲ ಎಂಬ ಭಾವನೆ ಬಲವಾಗಿತ್ತು. ಯುದ್ಧದ ಆರಂಭದಲ್ಲಿ ಸೇನೆಯ ದಂಡನಾಯಕನಾಗಿದ್ದ ವೃದ್ಧ ಜನರಲ್ ವಿನ್‌ಫೀಲ್ಡ್ ಸ್ಕಾಟ್‌ನ ನಿಲುವೂ ಇದೇ ಆಗಿತ್ತು. ಶೌರ್ಯ ತೋರಿದ ಅಧಿಕಾರಿಗಳಿಗೆ ‘ಬ್ರೆವೆಟ್’ ಎಂಬ ಗೌರವ ಬಡ್ತಿ ಕೊಡುವ ಪದ್ಧತಿ ಇತ್ತು. ಸಾಮಾನ್ಯ ಸಿಪಾಯಿಗೆ ಮೆಕ್ಸಿಕೋ ಯುದ್ಧದ ಕಾಲದಲ್ಲಿ, 1847ರಲ್ಲಿ, ಒಂದು ಪ್ರಶಂಸಾಪತ್ರದ ವ್ಯವಸ್ಥೆಯಾಗಿದ್ದರೂ ಆ ಯುದ್ಧದ ನಂತರ ಅದು ಮೂಲೆಗೆ ಬಿದ್ದಿತ್ತು. ಹೀಗಾಗಿ 1861ರಲ್ಲಿ ಲಕ್ಷಾಂತರ ಸ್ವಯಂಸೇವಕರು ಸೇನೆಗೆ ಸೇರಿದಾಗ ಅವರ ಸಾಹಸವನ್ನು ಗುರುತಿಸಲು ಸರ್ಕಾರದ ಕೈಯಲ್ಲಿ ಏನೂ ಇರಲಿಲ್ಲ.

ಈ ಕೊರತೆಯನ್ನು ಮೊದಲು ತುಂಬಿದ್ದು ನೌಕಾಪಡೆ. ಅಯೋವಾ ರಾಜ್ಯದ ಸೆನೆಟರ್ ಜೇಮ್ಸ್ ಗ್ರೈಮ್ಸ್ ತಂದ ಮಸೂದೆಗೆ ಅಧ್ಯಕ್ಷ ಲಿಂಕನ್ 1861ರ ಡಿಸೆಂಬರ್ 21ರಂದು ಸಹಿ ಹಾಕಿದರು. ಆ ಕಾಯ್ದೆ 200 ಪದಕಗಳನ್ನು ತಯಾರಿಸಲು ಅನುಮತಿ ಕೊಟ್ಟಿತು. ಭೂಸೇನೆಯ ಕಾಯ್ದೆ ಬಂದದ್ದು 1862ರ ಜುಲೈ 12ರಂದು. ಅದು 2,000 ಪದಕಗಳಿಗೆ. ಎರಡೂ ಕಾಯ್ದೆಗಳು ಅಧಿಕಾರಿಗಳನ್ನು ಹೊರಗಿಟ್ಟು, ಸಾಮಾನ್ಯ ನಾವಿಕರು, ಸಿಪಾಯಿಗಳು ಮತ್ತು ಸಾರ್ಜೆಂಟ್‌ನಂಥ ಕೆಳಹಂತದ ಹುದ್ದೆಯವರಿಗೆ ಮಾತ್ರ ಪದಕವನ್ನು ಮೀಸಲಿಟ್ಟವು. ಅಧಿಕಾರಿಗಳಿಗೆ ಬ್ರೆವೆಟ್ ಇದೆಯಲ್ಲ ಎಂಬುದು ಇದರ ಹಿಂದಿನ ತರ್ಕ. ಭೂಸೇನೆಯ ಅಧಿಕಾರಿಗಳಿಗೆ 1863ರ ಮಾರ್ಚ್‌ನಲ್ಲಿ ಬಾಗಿಲು ತೆರೆಯಿತು. ನೌಕಾಪಡೆಯ ಅಧಿಕಾರಿಗಳು 1915ರವರೆಗೆ ಕಾಯಬೇಕಾಯಿತು. ಪದಕಗಳ ಪಟ್ಟಿಯನ್ನು ಓದುವವರು ಈ ವ್ಯತ್ಯಾಸವನ್ನು ಮರೆಯಬಾರದು.

ಭೂಸೇನೆಯ ಕಾಯ್ದೆಯ ಮಾತುಗಳಲ್ಲಿ ಇನ್ನೂ ಎರಡು ಅಂಶಗಳಿವೆ. ಪದಕವು ‘ಈಗ ನಡೆಯುತ್ತಿರುವ ದಂಗೆ’ಯ ಅವಧಿಗೆ ಮಾತ್ರ ಎಂದು ಅದರಲ್ಲಿ ಬರೆದಿತ್ತು, ಅಂದರೆ ಇದೊಂದು ತಾತ್ಕಾಲಿಕ ಏರ್ಪಾಡಾಗಿತ್ತು, ಶಾಶ್ವತವಾದದ್ದು 1863ರ ತಿದ್ದುಪಡಿಯಿಂದ. ಎರಡನೆಯದಾಗಿ, ಯುದ್ಧದಲ್ಲಿ ತೋರಿದ ಶೌರ್ಯದ ಜೊತೆಗೆ ‘ಸೈನಿಕನಿಗೆ ತಕ್ಕ ಇತರ ಗುಣಗಳಿಗೂ’ ಪದಕ ಕೊಡಬಹುದೆಂದು ಅದು ಹೇಳಿತು. ಆ ಇತರ ಗುಣಗಳು ಯಾವುವು ಎಂದು ಎಲ್ಲೂ ವಿವರಿಸಲಿಲ್ಲ. ವರ್ಮಾಂಟ್‌ನ ಡ್ರಮ್ ಬಾರಿಸುವ ಹುಡುಗ ವಿಲ್ಲಿ ಜಾನ್‌ಸ್ಟನ್‌ಗೆ ಪದಕ ಸಿಕ್ಕಿದ್ದು ಈ ಬಾಗಿಲಿನಿಂದ. 1862ರ ಬೇಸಿಗೆಯಲ್ಲಿ ದಕ್ಷಿಣದವರ ರಾಜಧಾನಿ ರಿಚ್ಮಂಡ್ ಬಳಿ ಏಳು ದಿನಗಳ ಕಾಳಗದಲ್ಲಿ ಉತ್ತರದ, ಅಂದರೆ ಲಿಂಕನ್ ಸರ್ಕಾರದ, ಸೇನೆ ಹಿಮ್ಮೆಟ್ಟುವಾಗ ದೊಡ್ಡವರೇ ಬಂದೂಕು, ಚೀಲಗಳನ್ನು ಬಿಸಾಡಿ ಓಡುತ್ತಿದ್ದರೂ, ಆತ ಮಾತ್ರ ತನ್ನ ಡ್ರಮ್ಮನ್ನು ಹೊತ್ತುಕೊಂಡೇ ಬಂದ. ಆಗ ಅವನಿಗೆ ಹನ್ನೊಂದು ವರ್ಷ. 1863ರ ಸೆಪ್ಟೆಂಬರ್‌ನಲ್ಲಿ ಪದಕ ಪಡೆದ ಈ ಬಾಲಕನೇ ಇಂದಿಗೂ ಅದನ್ನು ಪಡೆದವರಲ್ಲಿ ಅತಿ ಕಿರಿಯ. ಇಂದಿನ ನಿಯಮದಲ್ಲಿ ಇದಕ್ಕೆ ಆ ಪದಕ ಸಿಗುವುದಿಲ್ಲ ಎಂಬುದು ನಿಜ. ಆದರೆ ಅಂದಿನ ಕಾಯ್ದೆಯನ್ನು ಓದಿದರೆ ಕೊಟ್ಟದ್ದು ತಪ್ಪು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

ಪದಕದ ಆಕಾರ ತಲೆಕೆಳಗಾದ ಐದು ಮೂಲೆಯ ನಕ್ಷತ್ರ. ನಡುವೆ ರೋಮನ್ನರ ಯುದ್ಧದೇವತೆ ಮಿನರ್ವಾ ತನ್ನ ಗುರಾಣಿಯಿಂದ, ಕೈಯಲ್ಲಿ ಹಾವುಗಳನ್ನು ಹಿಡಿದಿರುವ ‘ಒಡಕು’ ಎಂಬ ಆಕೃತಿಯನ್ನು ಹಿಂದಕ್ಕೆ ತಳ್ಳುತ್ತಿದ್ದಾಳೆ. ಸುತ್ತ 34 ಪುಟ್ಟ ನಕ್ಷತ್ರಗಳಿವೆ. ಅಂದಿನ ಅಮೆರಿಕದ ರಾಜ್ಯಗಳ ಸಂಖ್ಯೆ ಅದು. ಬೇರ್ಪಟ್ಟು ಹೋಗಿದ್ದೇವೆಂದು ಘೋಷಿಸಿಕೊಂಡಿದ್ದ ದಕ್ಷಿಣದ ಹನ್ನೊಂದು ರಾಜ್ಯಗಳೂ ಅದರಲ್ಲಿ ಸೇರಿದ್ದವು. ನೌಕಾಪಡೆಯ ಪದಕ ಲಂಗರಿನಿಂದ ತೂಗುತ್ತಿತ್ತು, ಭೂಸೇನೆಯದು ಹದ್ದಿನಿಂದ.

ಮೊಟ್ಟಮೊದಲ ಪದಕ ಪ್ರದಾನವಾದದ್ದು 1863ರ ಮಾರ್ಚ್ 25ರಂದು. ಅದನ್ನು ಪಡೆದವರು ರಣರಂಗದಿಂದ ಬಂದವರಲ್ಲ, ಶತ್ರುವಿನ ಸೆರೆಮನೆಯಿಂದ ಬಂದವರು. ಹಿಂದಿನ ವರ್ಷದ ಏಪ್ರಿಲ್ 12ರಂದು ಜೇಮ್ಸ್ ಆ್ಯಂಡ್ರೂಸ್ ಎಂಬ ಗೂಢಚಾರನ ನೇತೃತ್ವದಲ್ಲಿ ಓಹಾಯೊ ರಾಜ್ಯದ ಸುಮಾರು ಇಪ್ಪತ್ತು ಸಿಪಾಯಿಗಳು ಸಾದಾ ಉಡುಪಿನಲ್ಲಿ ಜಾರ್ಜಿಯಾದೊಳಗೆ ನುಸುಳಿ, ಬಿಗ್ ಶಾಂಟಿ ಎಂಬ ನಿಲ್ದಾಣದಲ್ಲಿ ಪ್ರಯಾಣಿಕರೂ ಸಿಬ್ಬಂದಿಯೂ ಬೆಳಗಿನ ತಿಂಡಿಗೆ ಇಳಿದಿದ್ದಾಗ ‘ಜನರಲ್’ ಎಂಬ ಹೆಸರಿನ ರೈಲು ಎಂಜಿನನ್ನು ಮೂರು ಡಬ್ಬಿಗಳ ಸಮೇತ ಓಡಿಸಿಕೊಂಡು ಹೋದರು. ಅಟ್ಲಾಂಟಾದಿಂದ ಚಟನೂಗಾದವರೆಗಿನ ಸೇತುವೆಗಳನ್ನು ಸುಟ್ಟು, ತಂತಿಗಳನ್ನು ಕತ್ತರಿಸಿ, ದಕ್ಷಿಣದ ಸೇನೆಗೆ ಸರಬರಾಜು ನಿಲ್ಲಿಸುವುದು ಅವರ ಯೋಜನೆ. ಮಳೆಯಿಂದ ಒದ್ದೆಯಾಗಿದ್ದ ಮರದ ಸೇತುವೆಗಳು ಹೊತ್ತಿಕೊಳ್ಳಲೇ ಇಲ್ಲ. ರೈಲಿನ ಕಂಡಕ್ಟರ್ ವಿಲಿಯಂ ಫುಲ್ಲರ್ ಮೊದಲು ಕಾಲ್ನಡಿಗೆಯಲ್ಲಿ, ನಂತರ ಹಳಿಯ ಮೇಲಿನ ತಳ್ಳುಗಾಡಿಯಲ್ಲಿ, ಕೊನೆಗೆ ಎದುರಿಗೆ ಸಿಕ್ಕ ‘ಟೆಕ್ಸಸ್’ ಎಂಬ ಎಂಜಿನನ್ನು ಹಿಮ್ಮುಖವಾಗಿಯೇ ಓಡಿಸುತ್ತ ಬೆನ್ನಟ್ಟಿದ. ಸುಮಾರು 87 ಮೈಲಿ ಓಡಿದ ಮೇಲೆ ರಿಂಗೋಲ್ಡ್ ಬಳಿ ‘ಜನರಲ್’ನ ಉಗಿ ತೀರಿತು. ಎಲ್ಲರೂ ಕೆಲವೇ ದಿನಗಳಲ್ಲಿ ಸಿಕ್ಕಿಬಿದ್ದರು. ಆ್ಯಂಡ್ರೂಸ್ ಸೇರಿ ಎಂಟು ಜನರನ್ನು ಅಟ್ಲಾಂಟಾದಲ್ಲಿ ಗಲ್ಲಿಗೇರಿಸಲಾಯಿತು. ಎಂಟು ಜನ ಸೆರೆಮನೆಯಿಂದ ತಪ್ಪಿಸಿಕೊಂಡರು. ಉಳಿದ ಆರು ಜನ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಗಿ ವಾಷಿಂಗ್ಟನ್ ತಲುಪಿದಾಗ ಯುದ್ಧ ಕಾರ್ಯದರ್ಶಿ ಎಡ್ವಿನ್ ಸ್ಟಾಂಟನ್ ಅವರಿಗೆ ಪದಕ ತೊಡಿಸಿ, ಅಧ್ಯಕ್ಷರ ಭೇಟಿಗೂ ಕಳಿಸಿದ. ಮೊದಲ ಪದಕ ಸಿಕ್ಕಿದ್ದು ಜೇಕಬ್ ಪ್ಯಾರಟ್ ಎಂಬ ತರುಣನಿಗೆ. ಸೆರೆಯಲ್ಲಿ ನೂರಕ್ಕೂ ಹೆಚ್ಚು ಛಡಿಯೇಟು ತಿಂದರೂ ಬಾಯಿ ಬಿಡದವನು ಅವನು.

ನಾಯಕನಾದ ಆ್ಯಂಡ್ರೂಸ್‌ಗೆ ಪದಕ ಸಿಗಲಿಲ್ಲ, ಏಕೆಂದರೆ ಅವನು ಸೈನಿಕನಲ್ಲ, ನಾಗರಿಕ. ಗಲ್ಲಿಗೇರಿದವರಲ್ಲಿ ಸಿಪಾಯಿಗಳೇ ಆಗಿದ್ದ ಫಿಲಿಪ್ ಶಾಡ್ರಾಕ್ ಮತ್ತು ಜಾರ್ಜ್ ವಿಲ್ಸನ್ ಎಂಬಿಬ್ಬರ ಹೆಸರು ಮಾತ್ರ ಹೇಗೋ ಪಟ್ಟಿಯಿಂದ ಬಿಟ್ಟುಹೋಗಿ, ಅವರ ಪದಕಗಳನ್ನು ಅಧ್ಯಕ್ಷ ಬೈಡನ್ 2024ರ ಜುಲೈ 3ರಂದು ಅವರ ವಂಶಸ್ಥರಿಗೆ ಒಪ್ಪಿಸಿದರು. ಪದಕಗಳನ್ನು ಎರಚಿದರು ಎಂಬ ಆರೋಪ ಹೊತ್ತ ಅದೇ ವ್ಯವಸ್ಥೆ, ನೇಣಿಗೆ ಕೊರಳೊಡ್ಡಿದ ಇಬ್ಬರನ್ನು 162 ವರ್ಷ ಮರೆತಿತ್ತು.

ಪಟ್ಟಿಯನ್ನು ಓದುತ್ತ ಹೋದರೆ ಮತ್ತೆ ಮತ್ತೆ ಎದುರಾಗುವುದು ಬಾವುಟ. ಶತ್ರುವಿನ ಬಾವುಟ ಕಿತ್ತುಕೊಂಡದ್ದಕ್ಕೆ, ಇಲ್ಲವೇ ತಮ್ಮ ಬಾವುಟ ನೆಲಕ್ಕೆ ಬೀಳದಂತೆ ಕಾಪಾಡಿದ್ದಕ್ಕೆ ಭೂಸೇನೆಯ ಎಷ್ಟೋ ಪದಕಗಳು ಸಂದಿವೆ. ಬಟ್ಟೆಯ ತುಂಡಿಗೆ ಇಷ್ಟು ಬೆಲೆಯೇ ಎಂದು ಇಂದಿನವರಿಗೆ ಅನ್ನಿಸಬಹುದು. ಅಂದಿನ ಕಾಳಗದಲ್ಲಿ ಕರಿಮದ್ದಿನ ಹೊಗೆ ದಟ್ಟವಾಗಿ ಕವಿದು ಹತ್ತು ಮಾರು ದೂರದವರೂ ಕಾಣುತ್ತಿರಲಿಲ್ಲ, ಗದ್ದಲದಲ್ಲಿ ಅಧಿಕಾರಿಯ ಕೂಗು ಕೇಳುತ್ತಿರಲಿಲ್ಲ. ರೆಜಿಮೆಂಟಿನ ಬಾವುಟ ಮುಂದೆ ಹೋದರೆ ಮುಂದೆ ಹೋಗಬೇಕು, ನಿಂತರೆ ನಿಲ್ಲಬೇಕು, ಚದುರಿದವರು ಅದರ ಬಳಿಗೇ ಬಂದು ಕೂಡಬೇಕು. ಹಾಗಾಗಿ ಶತ್ರುವಿನ ಗುರಿಯೆಲ್ಲ ಬಾವುಟ ಹಿಡಿದವನ ಮೇಲೆಯೇ ಇರುತ್ತಿತ್ತು. ಅವನ ಕೈಯಲ್ಲಿ ಬಂದೂಕು ಇರುತ್ತಿರಲಿಲ್ಲ. ಅವನು ಬಿದ್ದ ಮೇಲೂ ಆ ಕೋಲನ್ನು ಎತ್ತಿಕೊಳ್ಳುವವನಿಗೆ ತನಗೇನು ಕಾದಿದೆ ಎಂಬುದು ಚೆನ್ನಾಗಿ ಗೊತ್ತಿರುತ್ತಿತ್ತು.

ವಿಲಿಯಂ ಕಾರ್ನಿಯ ಪ್ರಸಂಗ ಇದಕ್ಕೆ ಒಳ್ಳೆಯ ಉದಾಹರಣೆ. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಗುಲಾಮನಾಗಿ ಹುಟ್ಟಿದ ಕಾರ್ನಿ, ಉತ್ತರದಲ್ಲಿ ಕರಿಯರಿಗಾಗಿ ಕಟ್ಟಿದ ಮೊದಮೊದಲ ಪಡೆಗಳಲ್ಲೊಂದಾದ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟಿನಲ್ಲಿ ಸಾರ್ಜೆಂಟ್ ಆಗಿದ್ದ. 1863ರ ಜುಲೈ 18ರ ಸಂಜೆ ಆ ರೆಜಿಮೆಂಟು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ ಬಂದರಿನ ಬಾಯಲ್ಲಿದ್ದ ಫೋರ್ಟ್ ವ್ಯಾಗ್ನರ್ ಎಂಬ ಮರಳುಕೋಟೆಯ ಮೇಲೆ ಏರಿಹೋಯಿತು. ಒಂದು ಕಡೆ ಸಮುದ್ರ, ಮತ್ತೊಂದು ಕಡೆ ಜವುಗು, ನಡುವೆ ಇಕ್ಕಟ್ಟಾದ ಮರಳ ದಂಡೆ. ತಪ್ಪಿಸಿಕೊಳ್ಳಲು ಜಾಗವಿಲ್ಲದ ದಾರಿ. ಬಾವುಟ ಹಿಡಿದವನು ಗುಂಡೇಟಿಗೆ ಬೀಳುತ್ತಿದ್ದಂತೆ ಕಾರ್ನಿ ಬಂದೂಕು ಎಸೆದು ಕೋಲನ್ನು ಹಿಡಿದ. ಕೋಟೆಯ ಇಳಿಜಾರನ್ನು ಹತ್ತಿ ಬಾವುಟವನ್ನು ಅಲ್ಲಿ ನೆಟ್ಟು, ಸುತ್ತಲಿನವರೆಲ್ಲ ಸತ್ತೋ ಗಾಯಗೊಂಡೋ ಬಿದ್ದ ಮೇಲೂ ಅದರ ಜೊತೆಗೇ ಇದ್ದ. ಹಿಮ್ಮೆಟ್ಟುವ ಆಜ್ಞೆಯಾದಾಗ ಹಲವು ಗುಂಡೇಟು ತಿಂದಿದ್ದ ಆತ, ಒಂದು ಕೈಯಲ್ಲಿ ಬಾವುಟ ಹಿಡಿದು ಮಂಡಿಯೂರಿ ತೆವಳುತ್ತ ತನ್ನವರನ್ನು ಸೇರಿದ. ಬಾವುಟ ನೆಲ ಮುಟ್ಟಲಿಲ್ಲವೆಂದು ಹೇಳಿ ಕುಸಿದ ಎಂಬುದು ಅವನ ಸಂಗಡಿಗರ ಹೇಳಿಕೆ. ಕರ್ನಲ್ ರಾಬರ್ಟ್ ಗೌಲ್ಡ್ ಶಾ ಕೋಟೆಗೋಡೆಯ ಮೇಲೆಯೇ ಮಡಿದ. ದಾಳಿಗೆ ಹೋದ ಸುಮಾರು 600 ಜನರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು.

ಕಾರ್ನಿಗೆ ಪದಕ ಸಿಕ್ಕಿದ್ದು 1900ರ ಮೇ ತಿಂಗಳಲ್ಲಿ, ಸುಮಾರು 37 ವರ್ಷಗಳ ನಂತರ. ಆದರೆ ಎಲ್ಲ ಕರಿಯ ಸೈನಿಕರಿಗೂ ಹೀಗೆ ತಡವಾಯಿತು ಎನ್ನುವುದು ಸರಿಯಲ್ಲ. 1864ರ ಸೆಪ್ಟೆಂಬರ್ 29ರಂದು ರಿಚ್ಮಂಡ್ ಬಳಿಯ ನ್ಯೂ ಮಾರ್ಕೆಟ್ ಹೈಟ್ಸ್ ದಾಳಿಯಲ್ಲಿ ತೋರಿದ ಶೌರ್ಯಕ್ಕೆ 14 ಕರಿಯ ಸೈನಿಕರು ಪದಕ ಪಡೆದರು, ಅದೂ ಬಹುಪಾಲು ಮರುವರ್ಷದ ಏಪ್ರಿಲ್‌ನಲ್ಲೇ. ಅಲ್ಲಿ ಒಂದೇ ರೆಜಿಮೆಂಟಿನ ಎರಡು ಬಾವುಟಗಳು ಮೂವರ ಕೈ ದಾಟಿದ್ದನ್ನು ನೋಡಿ. ಒಂದು ಬಾವುಟ ಹಿಡಿದಿದ್ದ ಆಲ್ಫ್ರೆಡ್ ಹಿಲ್ಟನ್, ಎರಡನೆಯದನ್ನು ಹಿಡಿದವನು ಬಿದ್ದಾಗ ಅದನ್ನೂ ಎತ್ತಿಕೊಂಡು ಎರಡನ್ನೂ ಹೊತ್ತು ಶತ್ರುವಿನ ಬೇಲಿಯವರೆಗೆ ನುಗ್ಗಿದ. ಅವನ ಕಾಲಿಗೆ ಗುಂಡು ಬಿದ್ದಾಗ ಒಂದನ್ನು ಕ್ರಿಶ್ಚಿಯನ್ ಫ್ಲೀಟ್‌ವುಡ್, ಮತ್ತೊಂದನ್ನು ಚಾರ್ಲ್ಸ್ ವೀಲ್ ಹಿಡಿದರು. ಮೂವರಿಗೂ ಪದಕ ಬಂತು. ಹಿಲ್ಟನ್ ಅದನ್ನು ನೋಡಲು ಬದುಕಿರಲಿಲ್ಲ, ಆ ಗಾಯದಿಂದಲೇ ಅಕ್ಟೋಬರ್‌ನಲ್ಲಿ ತೀರಿಕೊಂಡ. ಅದೇ ದಿನ ಮತ್ತೊಂದು ರೆಜಿಮೆಂಟಿನ ಒಂದು ತುಕಡಿಯಲ್ಲಿ ಅಧಿಕಾರಿಗಳೆಲ್ಲ ಸತ್ತು ಅಥವಾ ಗಾಯಗೊಂಡು ಉಳಿದವರಿಗೆ ದಿಕ್ಕಿಲ್ಲದಾದಾಗ, ಸಾರ್ಜೆಂಟ್ ಪೌಹಟನ್ ಬೀಟಿ ತಾನೇ ತುಕಡಿಯ ನಾಯಕತ್ವ ವಹಿಸಿದ.

ಇಡೀ ಯುದ್ಧದಲ್ಲಿ ಪದಕ ಪಡೆದ ಕರಿಯರ ಸಂಖ್ಯೆ ಸುಮಾರು 25. ಭೂಸೇನೆಯಲ್ಲೇ 1,79,000ದಷ್ಟು ಕರಿಯ ಸಿಪಾಯಿಗಳಿದ್ದರು, ನೌಕಾಪಡೆಯಲ್ಲಿ ಸುಮಾರು 18,000. ಈ ಲೆಕ್ಕದಲ್ಲಿ ನ್ಯಾಯ ಪೂರ್ತಿಯಾಗಿ ಸಿಕ್ಕಿತೆಂದು ಹೇಳಲಾಗದು. ಅವರಲ್ಲಿ ಬಹಳ ಜನರನ್ನು ಕಾಳಗದ ಬದಲು ಕಾವಲಿಗೂ ಅಗೆತಕ್ಕೂ ಹಾಕಿದ್ದರು, ಸಂಬಳದಲ್ಲೂ 1864ರವರೆಗೆ ತಾರತಮ್ಯವಿತ್ತು ಎಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು.

ಇನ್ನು ನಾವಿಕರ ವಿಷಯ. ಅಂತರ್ಯುದ್ಧದ ಪದಕಗಳಲ್ಲಿ 300ಕ್ಕೂ ಹೆಚ್ಚು ನೌಕಾಪಡೆಯವರಿಗೆ ಸೇರಿವೆ. ಒಟ್ಟು ಬಲದಲ್ಲಿ ಅದು ಭೂಸೇನೆಗಿಂತ ಎಷ್ಟೋ ಚಿಕ್ಕದು ಎಂಬುದನ್ನು ಗಮನಿಸಿದರೆ, ಅನುಪಾತದಲ್ಲಿ ನಾವಿಕರ ಪಾಲೇ ದೊಡ್ಡದು. ಕಾರಣ ಸರಳ. ಹಡಗಿನ ಕಾಳಗದಲ್ಲಿ ಯಾರು ಎಲ್ಲಿ ನಿಂತಿದ್ದರು, ಯಾವ ಫಿರಂಗಿಯ ಬಳಿ ಏನಾಯಿತು ಎಂಬುದು ಕ್ಯಾಪ್ಟನ್ನನ ಕಣ್ಣೆದುರಿಗೇ ನಡೆಯುತ್ತಿತ್ತು. ಕಾಳಗ ಮುಗಿದ ಮೇಲೆ ಆತ ಹೆಸರು ಹೆಸರಾಗಿ ಶಿಫಾರಸು ಬರೆದು ಕಳಿಸಬಹುದಾಗಿತ್ತು. ಕಾಡುಮೇಡುಗಳಲ್ಲಿ ಚದುರಿ ಕಾದಾಡಿದ ಸಿಪಾಯಿಯ ಸಾಹಸಕ್ಕೆ ಸಾಕ್ಷಿಯಾದವನು ಎಷ್ಟೋ ಸಲ ಪಕ್ಕದಲ್ಲೇ ಸತ್ತು ಬಿದ್ದಿರುತ್ತಿದ್ದ.

1864ರ ಜೂನ್ 19ರಂದು ಫ್ರಾನ್ಸಿನ ಶೆರ್ಬುರ್ಗ್ ಬಂದರಿನಾಚೆ ಉತ್ತರದವರ ಕಿಯರ್‌ಸಾರ್ಜ್ ಹಡಗು ದಕ್ಷಿಣದವರ ಅಲಬಾಮಾ ಹಡಗನ್ನು ಎದುರಿಸಿತು. ಈ ಅಲಬಾಮಾ ಉತ್ತರದ ವ್ಯಾಪಾರಿ ಹಡಗುಗಳನ್ನು ಸಾಗರದಿಂದ ಸಾಗರಕ್ಕೆ ಬೇಟೆಯಾಡುತ್ತಿದ್ದ ಹಡಗು. ನಮ್ಮ ಕಡಲಿಗೂ ಅದು ಬಂದಿತ್ತು: 1864ರ ಜನವರಿಯಲ್ಲಿ ಮಲಬಾರ್ ಕರಾವಳಿಯಾಚೆ ಎಮ್ಮಾ ಜೇನ್ ಎಂಬ ಅಮೆರಿಕನ್ ಹಡಗನ್ನು ಹಿಡಿದು ಸುಟ್ಟು, ಸೆರೆಸಿಕ್ಕವರನ್ನು ಇಂದಿನ ಕೇರಳದ ಅಂಜುತೆಂಗಿನಲ್ಲಿ ಇಳಿಸಿ ಹೋಯಿತು. ಐದು ತಿಂಗಳ ನಂತರ ಶೆರ್ಬುರ್ಗ್‌ನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ನಡೆದ ಕಾಳಗದಲ್ಲಿ ಅದು ಮುಳುಗಿತು. ಕಿಯರ್‌ಸಾರ್ಜ್‌ನ 17 ನಾವಿಕರಿಗೆ ಪದಕ ಸಿಕ್ಕಿತು. ಎರಡನೇ ಫಿರಂಗಿಗೆ ಗುಂಡು ತುಂಬುತ್ತಿದ್ದ ಕರಿಯ ನಾವಿಕ ಜೋಕಿಂ ಪೀಸ್ ಅವರಲ್ಲೊಬ್ಬ. ಕ್ಯಾಪ್ಟನ್ ಜಾನ್ ವಿನ್‌ಸ್ಲೋಗೆ ಬಡ್ತಿ ಸಿಕ್ಕಿತೇ ಹೊರತು ಪದಕವಿಲ್ಲ, ಅವನು ಅಧಿಕಾರಿ.

ಪದಕವನ್ನು ನಿಜವಾಗಿ ಕೈಗೆ ಪಡೆದ ಮೊದಲ ಕರಿಯ ಕೂಡ ನಾವಿಕನೇ. ದಕ್ಷಿಣ ಕೆರೊಲಿನಾದ ತೋಟವೊಂದರ ಗುಲಾಮಗಿರಿಯಿಂದ ಪಾರಾಗಿ ಬಂದಿದ್ದ ರಾಬರ್ಟ್ ಬ್ಲೇಕ್ ಮಾರ್ಬಲ್‌ಹೆಡ್ ಎಂಬ ಹಡಗಿನಲ್ಲಿ ಕ್ಯಾಪ್ಟನ್ನನ ಪರಿಚಾರಕನಾಗಿದ್ದ. 1863ರ ಕ್ರಿಸ್ಮಸ್ ದಿನ ಸ್ಟೋನೊ ನದಿಯಲ್ಲಿ ದಡದ ಫಿರಂಗಿಗಳು ಹಡಗಿನ ಮೇಲೆ ಗುಂಡು ಹಾರಿಸತೊಡಗಿದಾಗ ಮದ್ದು ತಂದುಕೊಡುವ ಹುಡುಗ ಸತ್ತುಬಿದ್ದ. ಕಾಳಗದಲ್ಲಿ ಯಾವ ಕೆಲಸಕ್ಕೂ ನೇಮಕವಾಗಿರದ ಬ್ಲೇಕ್ ಆ ಮದ್ದಿನ ಪೆಟ್ಟಿಗೆ ಎತ್ತಿಕೊಂಡು, ದಾಳಿ ಮಾಡಿದವರು ಹಿಮ್ಮೆಟ್ಟುವವರೆಗೂ ಕೆಳಗಿನ ಮದ್ದಿನಮನೆಗೂ ಮೇಲಿನ ಫಿರಂಗಿಗಳಿಗೂ ಓಡಾಡುತ್ತಲೇ ಇದ್ದ. ಪದಕ ಬಂದದ್ದು 1864ರ ಏಪ್ರಿಲ್‌ನಲ್ಲಿ. ಅದೇ ವರ್ಷ ಆಗಸ್ಟ್ 5ರಂದು ಮೊಬೈಲ್ ಕೊಲ್ಲಿಯ ಕಾಳಗದಲ್ಲಿ, ಅಡ್ಮಿರಲ್ ಫ್ಯಾರಗಟ್‌ನ ಹಾರ್ಟ್‌ಫರ್ಡ್ ಹಡಗಿನ ಮೇಲೆ ಗುಂಡುಗಳನ್ನು ಹಗ್ಗದಿಂದ ಮೇಲೆತ್ತುತ್ತಿದ್ದ ಆರು ಜನರ ನಡುವೆ ಶೆಲ್ ಸಿಡಿಯಿತು. ಆರೂ ಜನ ಸತ್ತರು ಅಥವಾ ಗಾಯಗೊಂಡರು. ಅವರಲ್ಲೊಬ್ಬನಾದ ಜಾನ್ ಲಾಸನ್ ಕಾಲಿಗೆ ಪೆಟ್ಟಾಗಿ ಹಡಗಿನ ಪಕ್ಕದ ಗೋಡೆಗೆ ಅಪ್ಪಳಿಸಿದ. ಎಚ್ಚರವಾದ ಮೇಲೆ ಕೆಳಗೆ ಹೋಗಿ ಚಿಕಿತ್ಸೆ ಪಡೆಯಲು ಒಪ್ಪದೆ ತನ್ನ ಜಾಗಕ್ಕೇ ಮರಳಿದ.

ಅಧಿಕಾರಿಗಳನ್ನು ಹೊರಗಿಟ್ಟ ನಿಯಮ ಎಂಥ ವಿಚಿತ್ರಕ್ಕೆ ಎಡೆಮಾಡಿತು ಎಂಬುದನ್ನು ಕುಶಿಂಗ್ ಮನೆತನದ ಅಣ್ಣತಮ್ಮಂದಿರಲ್ಲಿ ಕಾಣಬಹುದು. ತಮ್ಮ ವಿಲಿಯಂ ಕುಶಿಂಗ್ ನೌಕಾಪಡೆಯ ಲೆಫ್ಟಿನೆಂಟ್. 1864ರ ಅಕ್ಟೋಬರ್ 27ರ ರಾತ್ರಿ ಉತ್ತರ ಕೆರೊಲಿನಾದ ಪ್ಲಿಮತ್ ಬಳಿ ಲಂಗರು ಹಾಕಿದ್ದ ಆಲ್ಬೆಮಾರ್ಲ್ ಎಂಬ ಕಬ್ಬಿಣದ ಕವಚದ ಹಡಗನ್ನು, ಚಿಕ್ಕ ಉಗಿದೋಣಿಯ ಮುಂದೆ ಉದ್ದನೆಯ ಕಂಬದ ತುದಿಗೆ ಕಟ್ಟಿದ ಸಿಡಿಮದ್ದಿನಿಂದ ಆತ ಮುಳುಗಿಸಿದ. ಹಡಗಿನ ಸುತ್ತ ರಕ್ಷಣೆಗೆಂದು ತೇಲಿಬಿಟ್ಟಿದ್ದ ಮರದ ದಿಮ್ಮಿಗಳ ಮೇಲೆ ದೋಣಿಯನ್ನು ಹಾರಿಸಿ ಒಳನುಗ್ಗಿದ ಮೇಲೆ ಹಿಂದಿರುಗುವ ದಾರಿ ಇರಲಿಲ್ಲ. ನೀರಿಗೆ ಧುಮುಕಿದವರಲ್ಲಿ ತಪ್ಪಿಸಿಕೊಂಡು ಬಂದವರು ಆತ ಮತ್ತು ಎಡ್ವರ್ಡ್ ಹೌಟನ್ ಇಬ್ಬರೇ. ಹೌಟನ್‌ಗೂ ಸೆರೆಸಿಕ್ಕ ಇತರ ನಾವಿಕರಿಗೂ ಪದಕ ಬಂತು. ಯೋಜನೆ ಹಾಕಿ ಸಿಡಿಮದ್ದಿನ ಹಗ್ಗವನ್ನು ತನ್ನ ಕೈಯಿಂದಲೇ ಎಳೆದ ಕುಶಿಂಗ್‌ಗೆ ಸಂಸತ್ತಿನ ಕೃತಜ್ಞತಾ ನಿರ್ಣಯವೂ ಬಡ್ತಿಯೂ ಸಿಕ್ಕಿತು, ಪದಕ ಸಿಗಲಿಲ್ಲ.

ಅಣ್ಣ ಅಲೊಂಜೊ ಕುಶಿಂಗ್ ಭೂಸೇನೆಯ ಫಿರಂಗಿದಳದ ಅಧಿಕಾರಿ. 1863ರ ಜುಲೈ 3ರಂದು ಗೆಟಿಸ್ಬರ್ಗ್‌ನಲ್ಲಿ ಭುಜಕ್ಕೂ ತೊಡೆಸಂದಿಗೂ ಗಾಯವಾಗಿ ನಿಲ್ಲಲಾಗದಿದ್ದರೂ ಹಿಂದಕ್ಕೆ ಹೋಗದೆ, ಸಾರ್ಜೆಂಟ್ ಫ್ರೆಡರಿಕ್ ಫ್ಯೂಗರ್‌ನ ಆಸರೆಯಲ್ಲಿ, ಅವನ ಬಾಯಿಂದಲೇ ಆಜ್ಞೆಗಳನ್ನು ಕೂಗಿಸುತ್ತ ಹೋರಾಡಿ ಸತ್ತ. ಆಗ ಅವನಿಗೆ 22 ವರ್ಷ. ಅವನು ಬಿದ್ದ ಮೇಲೆ ಉಳಿದ ಫಿರಂಗಿಯನ್ನು ನಡೆಸಿದ ಫ್ಯೂಗರ್‌ಗೆ 1897ರಲ್ಲಿ ಪದಕ ಬಂತು. ಅಲೊಂಜೊಗೆ ಅದು ಸಂದದ್ದು 2014ರಲ್ಲಿ, ಅಧ್ಯಕ್ಷ ಒಬಾಮಾ ಅವರಿಂದ. ಅಂದಿನ ಪಟ್ಟಿಯಲ್ಲಿ ಸತ್ತವರ ಹೆಸರುಗಳು ಬಹಳ ವಿರಳ; ಬದುಕಿ ಬಂದವರೇ ಹೆಚ್ಚು.

ಈಗ ‘ಬೇಕಾಬಿಟ್ಟಿ’ಯ ವಿಚಾರ. ಅತಿ ಕೆಟ್ಟ ಪ್ರಸಂಗ 27ನೇ ಮೇನ್ ರೆಜಿಮೆಂಟಿನದು. 1863ರ ಜೂನ್ ಕೊನೆಯಲ್ಲಿ ದಕ್ಷಿಣದ ಜನರಲ್ ಲೀ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದ್ದ, ವಾಷಿಂಗ್ಟನ್‌ಗೆ ಕಾವಲು ಕಡಿಮೆಯಾಗಿತ್ತು, ಆದರೆ ಒಂಬತ್ತು ತಿಂಗಳ ಅವಧಿಗೆ ಸೇರಿದ್ದ ಈ ರೆಜಿಮೆಂಟಿನ ಗಡುವು ಮುಗಿಯುತ್ತಿತ್ತು. ಇನ್ನಷ್ಟು ದಿನ ಉಳಿಯುವವರಿಗೆ ಸ್ಟಾಂಟನ್ ಪದಕದ ಭರವಸೆ ಕೊಟ್ಟ. ಸುಮಾರು 300 ಜನ ಉಳಿದರು, ಮಿಕ್ಕವರು ಊರಿಗೆ ಹೋದರು. ಅಷ್ಟರಲ್ಲಿ ಗೆಟಿಸ್ಬರ್ಗ್‌ನಲ್ಲಿ ಲೀ ಸೋತ. ಉಳಿದವರೂ ಒಂದು ಗುಂಡನ್ನೂ ಹಾರಿಸದೆ ಮನೆಗೆ ಹೊರಟರು. ಉಳಿದವರು ಯಾರು, ಹೋದವರು ಯಾರು ಎಂಬ ಸರಿಯಾದ ಪಟ್ಟಿ ಇಲ್ಲದ ಕಾರಣ ಕಚೇರಿಯಲ್ಲಿ ಇಡೀ ರೆಜಿಮೆಂಟಿನ ಹೆಸರಿಗೆ 864 ಪದಕ ತಯಾರಾಗಿಬಿಟ್ಟವು. ಇದರ ಅಸಂಬದ್ಧತೆ ಕರ್ನಲ್ ವೆಂಟ್‌ವರ್ತ್‌ಗೇ ಅರ್ಥವಾಗಿ, ಉಳಿದಿದ್ದವರಿಗಷ್ಟೇ ಹಂಚಿ ಮಿಕ್ಕ ಪದಕಗಳನ್ನು ತನ್ನಲ್ಲೇ ಇರಿಸಿಕೊಂಡ. ಲಿಂಕನ್‌ರ ಪಾರ್ಥಿವ ಶರೀರದ ಜೊತೆ ಹೋದ 29 ಕಾವಲುಗಾರರಿಗೂ ಪದಕ ಕೊಟ್ಟಿದ್ದರು.

ಇನ್ನೊಂದು ಬಗೆಯ ಹೆಚ್ಚಳವಾದದ್ದು 1890ರ ದಶಕದಲ್ಲಿ. ಮಾಜಿ ಸೈನಿಕರು ಮುಪ್ಪಿಗೆ ಕಾಲಿಡುತ್ತಿದ್ದರು, ಅವರ ಸಂಘಗಳು ಬಲವಾಗಿದ್ದವು, ತನ್ನ ಸಾಹಸಕ್ಕೆ ತಾನೇ ಅರ್ಜಿ ಹಾಕಿಕೊಳ್ಳುವುದಕ್ಕೆ ಅಡ್ಡಿಯಿರಲಿಲ್ಲ. ಆ ದಶಕದಲ್ಲಿ ನೂರಾರು ಪದಕಗಳು ಹೊರಬಿದ್ದವು. ಆದರೆ ಈ ಪದಕಗಳೆಲ್ಲ ಜೊಳ್ಳೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. 1863ರ ಮೇ 22ರಂದು ವಿಕ್ಸ್‌ಬರ್ಗ್ ಕೋಟೆಯ ಮೇಲೆ ದಾಳಿಗೆ ಮುಂಚೆ, ಕಂದಕಕ್ಕೆ ಸೇತುವೆ ಹಾಕಲು ಮರದ ತೊಲೆ, ಏಣಿಗಳನ್ನು ಹೊತ್ತು ಎಲ್ಲರಿಗಿಂತ ಮುಂದೆ ಓಡಬೇಕಾಗಿದ್ದ 150 ಸ್ವಯಂಸೇವಕರಲ್ಲಿ ಹಲವರಿಗೆ ಪದಕಗಳು ಬಂದವು, ಬಹುಪಾಲು ಈ ದಶಕದಲ್ಲೇ. ಬದುಕಿ ಬರುವುದು ಅನುಮಾನವೆಂದು ಆ ಕೆಲಸಕ್ಕೆ ಅವಿವಾಹಿತರನ್ನೇ ಕೇಳಲಾಗಿತ್ತು. ತಡವಾದದ್ದು ಪದಕ, ಸಾಹಸವಲ್ಲ. 1897ರಲ್ಲಿ ನಿಯಮ ಬಿಗಿಯಾಯಿತು: ಅರ್ಜಿಯನ್ನು ಬೇರೊಬ್ಬರು ಹಾಕಬೇಕು, ಕಣ್ಣಾರೆ ಕಂಡವರ ಸಾಕ್ಷ್ಯ ಬೇಕು. ಮಾಜಿ ಸೈನಿಕರ ಸಂಘದ ಬಿಲ್ಲೆಯೂ ಹೆಚ್ಚುಕಡಿಮೆ ಇದೇ ಪದಕದಂತೆ ಕಾಣುತ್ತಿದ್ದುದರಿಂದ 1904ರಲ್ಲಿ ಭೂಸೇನೆ ಹೊಸ ವಿನ್ಯಾಸ ಮಾಡಿ, ನಕಲು ತಡೆಯಲು ಅದಕ್ಕೆ ಪೇಟೆಂಟ್ ಕೂಡ ಪಡೆಯಿತು.

ಕೊನೆಗೆ 1916ರಲ್ಲಿ, ಪದಕ ಪಡೆದ ವೃದ್ಧರಿಗೆ ತಿಂಗಳಿಗೆ 10 ಡಾಲರ್ ಪಿಂಚಣಿ ಕೊಡುವ ಕಾಯ್ದೆಯಾದಾಗ, ಯಾರಿಗೆ ಕೊಡಬೇಕೆಂಬ ಪ್ರಶ್ನೆ ಎದ್ದು ಐದು ನಿವೃತ್ತ ಜನರಲ್‌ಗಳ ಸಮಿತಿ ನೇಮಕವಾಯಿತು. ಅಧ್ಯಕ್ಷ ನೆಲ್ಸನ್ ಮೈಲ್ಸ್. ಚಾನ್ಸಲರ್ಸ್‌ವಿಲ್ ಕಾಳಗಕ್ಕಾಗಿ ಸ್ವತಃ ಪದಕ ಪಡೆದವನು. ಅಂತರ್ಯುದ್ಧದಿಂದ ಅಂದಿನವರೆಗೆ ಭೂಸೇನೆ ಕೊಟ್ಟಿದ್ದ 2,625 ಪದಕಗಳನ್ನು ಪರಿಶೀಲಿಸಿ 1917ರ ಫೆಬ್ರವರಿಯಲ್ಲಿ 911 ಹೆಸರುಗಳನ್ನು ಅಳಿಸಲಾಯಿತು. ಅವುಗಳಲ್ಲಿ 864 ಮೇನ್ ರೆಜಿಮೆಂಟಿನವು, 29 ಶವಯಾತ್ರೆಯ ಕಾವಲಿನವು. ತಾವು ಓದಿರುವ 1,500ರ ಲೆಕ್ಕ ಈ ಜರಡಿ ಹಿಡಿದ ನಂತರ ಉಳಿದದ್ದು. ಆದ್ದರಿಂದ ಅದರಲ್ಲಿ ಈ ಜೊಳ್ಳು ಸೇರಿಲ್ಲ.

ಆ ಜರಡಿಯಲ್ಲಿ ಕಾಳೂ ಬಿದ್ದುಹೋಯಿತು. ಪದಕ ಪಡೆದ ಏಕೈಕ ಮಹಿಳೆ, ವೈದ್ಯೆ ಮೇರಿ ವಾಕರ್ ಅವರ ಹೆಸರನ್ನೂ ಅಳಿಸಲಾಯಿತು. ಗುತ್ತಿಗೆಯ ಮೇಲೆ ಶಸ್ತ್ರಚಿಕಿತ್ಸಕಿಯಾಗಿ ಸೇನೆಯ ಜೊತೆಗಿದ್ದ ಅವರು 1864ರಲ್ಲಿ ಶತ್ರುವಿಗೆ ಸೆರೆಸಿಕ್ಕು ರಿಚ್ಮಂಡ್‌ನ ಸೆರೆಮನೆಯಲ್ಲಿ ನಾಲ್ಕು ತಿಂಗಳು ಕಳೆದಿದ್ದರು. ಅವರು ಸೇನೆಯ ಸದಸ್ಯೆಯಲ್ಲ, ನಾಗರಿಕಳು ಎಂಬುದೇ ಸಮಿತಿ ಕೊಟ್ಟ ಕಾರಣ. ಹಿಂದಿರುಗಿಸಲು ಒಪ್ಪದೆ 1919ರಲ್ಲಿ ಸಾಯುವವರೆಗೂ ಆಕೆ ಪದಕವನ್ನು ಧರಿಸಿಯೇ ಓಡಾಡಿದರು. 1977ರಲ್ಲಿ ಅದನ್ನು ಅಧಿಕೃತವಾಗಿ ಮರಳಿಸಲಾಯಿತು. ಸಮಿತಿ ಕೆಲಸ ಮುಗಿಸಿದ ಮರುವರ್ಷ, 1918ರಲ್ಲಿ, ಹೊಸ ಕಾಯ್ದೆ ಬಂದು ಕರ್ತವ್ಯದ ಕರೆಯನ್ನೂ ಮೀರಿ ಪ್ರಾಣವನ್ನು ಪಣಕ್ಕಿಟ್ಟವರಿಗೆ ಮಾತ್ರ ಭೂಸೇನೆಯ ಮೆಡಲ್ ಆಫ್ ಆನರ್ ಎಂದಾಯಿತು, ಉಳಿದವರಿಗೆ ಕೆಳಗಿನ ಪದಕಗಳು ಹುಟ್ಟಿಕೊಂಡವು. ಎರಡನೇ ಮಹಾಯುದ್ಧದಲ್ಲಿ 1.6 ಕೋಟಿ ಜನ ಸೇವೆ ಸಲ್ಲಿಸಿದರೂ ಸುಮಾರು 470 ಪದಕಗಳು ಮಾತ್ರ ಸಂದದ್ದು ಈ ಹೊಸ ಅಳತೆಯಿಂದ.

ದಕ್ಷಿಣದ ಪಕ್ಷದಲ್ಲಿಯೂ ಪದಕದ ಕಾಯ್ದೆಯಿತ್ತು. 1862ರ ಅಕ್ಟೋಬರ್ 13ರಂದು ಅವರ ಸಂಸತ್ತು ಅಧಿಕಾರಿಗಳಿಗೆ ಪದಕ, ಸಿಪಾಯಿಗಳಿಗೆ ಬಿಲ್ಲೆ ಕೊಡಲು ಒಪ್ಪಿತು. ಅದರಲ್ಲಿ ನನಗೆ ಬಹಳ ಹಿಡಿಸಿದ ಏರ್ಪಾಡೆಂದರೆ, ದೊಡ್ಡ ಗೆಲುವಾದಾಗಲೆಲ್ಲ ಪ್ರತಿ ತುಕಡಿಯ ಸಿಪಾಯಿಗಳೇ ಬಹುಮತದಿಂದ ತಮ್ಮಲ್ಲಿ ಒಬ್ಬನನ್ನು ಆರಿಸಬೇಕಿತ್ತು. ಆರಿಸಿದವನು ಸತ್ತಿದ್ದರೆ ಬಿಲ್ಲೆ ಅವನ ಹೆಂಡತಿಗೋ ಬಂಧುವಿಗೋ ಸೇರಬೇಕಿತ್ತು. ಉತ್ತರದ ಕಾಯ್ದೆಗಿಂತ ಇದು ಎಷ್ಟೋ ವಿಚಾರವಂತಿಕೆಯದು. ಆದರೆ ಬಿಲ್ಲೆಗಳನ್ನು ತಯಾರಿಸಲಾಗಲಿಲ್ಲ. ಒಂದು ವರ್ಷದ ನಂತರ, 1863ರ ಅಕ್ಟೋಬರ್‌ನಲ್ಲಿ, ಪದಕಗಳು ಸಿದ್ಧವಾಗುವವರೆಗೆ ಆಯ್ಕೆಯಾದವರ ಹೆಸರುಗಳನ್ನು ‘ರೋಲ್ ಆಫ್ ಆನರ್’ ಎಂಬ ಪಟ್ಟಿಗೆ ಸೇರಿಸಿ, ಪ್ರತಿ ರೆಜಿಮೆಂಟಿನ ಮುಂದೆ ಕವಾಯತಿನಲ್ಲಿ ಓದಿ ಹೇಳಬೇಕು, ಪತ್ರಿಕೆಗಳಲ್ಲಿ ಪ್ರಕಟಿಸಬೇಕು ಎಂದು ಆಜ್ಞೆಯಾಯಿತು. ಯುದ್ಧ ಮುಗಿಯುವವರೆಗೂ ಆ ಪದಕಗಳು ಸಿದ್ಧವಾಗಲಿಲ್ಲ.

ಇದಕ್ಕೆ ಅಪವಾದವೆಂದರೆ ಟೆಕ್ಸಸ್‌ನ ಡೇವಿಸ್ ಗಾರ್ಡ್ಸ್ ಎಂಬ ತುಕಡಿ. 1863ರ ಸೆಪ್ಟೆಂಬರ್ 8ರಂದು ಸಬೀನ್ ಪಾಸ್ ಎಂಬ ನದೀಮುಖದಲ್ಲಿ ಲೆಫ್ಟಿನೆಂಟ್ ರಿಚರ್ಡ್ ಡೌಲಿಂಗ್ ಮತ್ತು ಅವನ ನಲವತ್ತಕ್ಕೂ ಹೆಚ್ಚು ಐರಿಷ್ ಮೂಲದ ಸಿಪಾಯಿಗಳು, ಸಾವಿರಾರು ಸೈನಿಕರನ್ನು ಹೊತ್ತು ತಂದ ಉತ್ತರದ ಹಡಗುಗಳನ್ನು ಮಣ್ಣಿನ ಕೋಟೆಯ ಆರು ಫಿರಂಗಿಗಳಿಂದ ತಡೆದು, ಎರಡು ಯುದ್ಧದೋಣಿಗಳನ್ನೇ ವಶಪಡಿಸಿಕೊಂಡರು. ಅವರಿಗೆ ಪದಕ ಮಾಡಿಸಿಕೊಟ್ಟದ್ದು ಸರ್ಕಾರವಲ್ಲ, ಹೂಸ್ಟನ್ ಊರಿನ ಜನ. ಮೆಕ್ಸಿಕೋದ ಬೆಳ್ಳಿ ನಾಣ್ಯಗಳ ಅಚ್ಚನ್ನು ಉಜ್ಜಿ ಅಳಿಸಿ, ಒಂದು ಮುಖದಲ್ಲಿ ತುಕಡಿಯ ಹೆಸರಿನ ಮೊದಲಕ್ಷರಗಳನ್ನೂ ಇನ್ನೊಂದರಲ್ಲಿ ಸ್ಥಳ ಮತ್ತು ದಿನಾಂಕವನ್ನೂ ಕೆತ್ತಿಸಿದರು.